ನ ಹೋಗಿ ಖ ಬಂದ ರಾತ್ರಿ

ಕಳೆದ ತಿಂಗಳು ಒಂದು ಸಂಜೆ ‘ಲಂಡನ್‌ನಲ್ಲಿ’ ಎಂದು ಟೈಪ್ ಮಾಡಿದೆ. ಅರ್ಧ ನ ಮುಗಿದು ಇಡೀ ನ ಶುರುವಾಗುವ ಸಂದಿಯಲ್ಲಿ, ಏನೂ ಇಲ್ಲದ ಜಾಗದಲ್ಲಿ, ಎಡಿಟರ್ ಒಂದು ಸಣ್ಣ ಹಳದಿ ಚೌಕ ಎಳೆಯಿತು. ಮೌಸ್ ಒಯ್ದು ಅದರ ಮೇಲೆ ನಿಲ್ಲಿಸಿದರೆ, ಇಲ್ಲಿ ಕಣ್ಣಿಗೆ ಕಾಣದ ಅಕ್ಷರವೊಂದಿದೆ ಎಂಬ ಸೂಚನೆ.

ನಾನು ಬಳಸುವುದು ವಿಎಸ್ ಕೋಡ್. 2021ರ ಕೊನೆಯಲ್ಲಿ ಈ ಸೌಲಭ್ಯ ಅದಕ್ಕೆ ಸೇರಿತು. ಕಾಣದ ಯೂನಿಕೋಡ್ ಚಿಹ್ನೆಗಳನ್ನು ಪ್ರೋಗ್ರಾಮಿನೊಳಗೆ ಅಡಗಿಸಿಟ್ಟು, ಓದುವವರಿಗೆ ಒಂದು ಅರ್ಥ, ಕಂಪ್ಯೂಟರಿಗೆ ಇನ್ನೊಂದು ಅರ್ಥ ಬರುವಂತೆ ಮಾಡಬಹುದು ಎಂದು ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಆ ವರ್ಷ ತೋರಿಸಿಕೊಟ್ಟಿದ್ದರು. ಅದಾದ ಮೇಲೆ ಎಡಿಟರುಗಳು ಕಾಣದ್ದನ್ನು ಕಾಣಿಸಲು ಶುರುಮಾಡಿದವು. ನನ್ನ ಪದದಲ್ಲಿ ಇದ್ದದ್ದು ಮೋಸವಲ್ಲ. ಎರಡು ಅಕ್ಷರಗಳು ಒತ್ತಾಗಿ ಬೆಸೆದುಕೊಳ್ಳದಂತೆ ನಡುವೆ ಹಾಕುವ, ಅಗಲವೇ ಇಲ್ಲದ ಒಂದು ಚಿಹ್ನೆ. ಅದನ್ನು ತೆಗೆದರೆ ‘ಲಂಡನ್ನಲ್ಲಿ’ ಆಗುತ್ತದೆ. ಕನ್ನಡದಲ್ಲಿ ಟೈಪ್ ಮಾಡುವವರೆಲ್ಲ ದಿನಕ್ಕೆ ಹತ್ತಾರು ಸಲ ಅದನ್ನು ಹಾಕುತ್ತಾರೆ, ನೋಡುವುದು ಮಾತ್ರ ಯಾರೂ ಇಲ್ಲ.

ಆ ಹಳದಿ ಚೌಕ ನೋಡುತ್ತಿದ್ದಂತೆ ನನಗೆ ಹುಬ್ಬಳ್ಳಿಯ ಒಂದು ಮಹಡಿ ಕೋಣೆ, ಸೀಮೆಎಣ್ಣೆ ಮತ್ತು ಮಸಿಯ ವಾಸನೆ, ಅಂಗೈ ಮೇಲೆ ಇಟ್ಟ ಒಂದು ಸೀಸದ ತುಂಡು ನೆನಪಿಗೆ ಬಂದವು. ಕೆಲಸ ಅಲ್ಲಿಗೇ ನಿಂತಿತು.

ಮಾಡುತ್ತಿದ್ದ ಕೆಲಸವೂ ಹುಬ್ಬಳ್ಳಿಯದೇ. 2004ರಲ್ಲಿ ನಾನು ಒಂದು ಹಳೆಯ ಹೈಸ್ಕೂಲಿಗೆ ವೆಬ್‌ಸೈಟ್ ಮಾಡಿದ್ದೆ. ಶಾಲೆಯ ಚರಿತ್ರೆ, ಹಳೆಯ ಹೆಡ್‌ಮಾಸ್ತರರ ಭಾವಚಿತ್ರಗಳು, ಕಟ್ಟಡಕ್ಕೆ ದೇಣಿಗೆ ಕೊಟ್ಟವರ ಉದ್ದನೆಯ ಪಟ್ಟಿ. ಎಲ್ಲವೂ ನುಡಿ ಫಾಂಟಿನಲ್ಲಿ. ಇಂದಿನ ಫೋನಿನಲ್ಲಿ ತೆರೆದರೆ ಆ ಪುಟಗಳಲ್ಲಿ ಒಂದಕ್ಷರವೂ ಕನ್ನಡವಾಗಿ ಕಾಣುವುದಿಲ್ಲ. ಅದನ್ನೆಲ್ಲ ಯೂನಿಕೋಡಿಗೆ ತಂದುಕೊಡಿ ಎಂದು ಹಳೆಯ ವಿದ್ಯಾರ್ಥಿಗಳು ಹೇಗೋ ನನ್ನನ್ನು ಹುಡುಕಿಕೊಂಡು ಬಂದಿದ್ದರು. ಅಟ್ಟದ ಮೇಲಿದ್ದ ರಟ್ಟಿನ ಫೈಲಿನಲ್ಲಿ ಸಿ.ಡಿ. ಸಿಕ್ಕಿತು. ಅದರ ಜೊತೆಗೆ ಕೆಂಪು ಶಾಯಿಯ ಗುರುತುಗಳಿದ್ದ ಪ್ರಿಂಟೌಟುಗಳೂ ಇದ್ದವು. ಅವನ್ನು ಬದಿಗಿಟ್ಟು ಸಿ.ಡಿ. ಮಾತ್ರ ಎತ್ತಿಕೊಂಡಿದ್ದೆ.

2003ರ ಮಳೆಗಾಲದಲ್ಲಿ ನಾನು ಆ ಕೆಲಸಕ್ಕೆ ಸೇರಿದ್ದು. ತಿಂಗಳಿಗೆ ಎರಡೂವರೆ ಸಾವಿರ ಸಂಬಳ. ಕೆಳಗೆ ಪ್ರೆಸ್ಸು, ಮೇಲೆ ಡಿಟಿಪಿ ಮತ್ತು ‘ವೆಬ್ ಡಿಸೈನ್’ ಎಂದು ಬೋರ್ಡು ಬರೆಸಿದ ಕೋಣೆ. ಮೂರು ಕಂಪ್ಯೂಟರು, ಒಂದು ಡಯಲ್‌ಅಪ್ ಮೋಡೆಮ್. ಮಾಲಕರು ಮದುವೆ ಕಾರ್ಡಿನಿಂದ ವೆಬ್‌ಸೈಟಿನವರೆಗೆ ಯಾವ ಕೆಲಸ ಬಂದರೂ ಒಪ್ಪಿಕೊಳ್ಳುತ್ತಿದ್ದರು. ಕಂಪ್ಯೂಟರಿನಲ್ಲಿ ವೆಬ್ ಪುಟ ಮಾಡುವ ಡ್ರೀಮ್‌ವೀವರ್ ಎಂಎಕ್ಸ್ ಇತ್ತು. ಅದು ಹಣ ಕೊಟ್ಟು ತಂದ ಪ್ರತಿಯಾಗಿರಲಿಲ್ಲ. ಆಗ ಅದು ತಪ್ಪೆಂದು ನನಗೆ ಅನ್ನಿಸಲೂ ಇಲ್ಲ. ಇವತ್ತು ತಿಂಗಳು ತಿಂಗಳು ಸಾಫ್ಟ್‌ವೇರಿನ ಬಾಡಿಗೆ ಕಟ್ಟುವಾಗ, ನಾನು ಕಲಿತದ್ದೆಲ್ಲ ಕದ್ದ ಸಲಕರಣೆಯ ಮೇಲೆ ಎಂಬುದು ಮನಸ್ಸಿಗೆ ಬರುತ್ತದೆ.

ಮೂಲೆಯ ಕಂಪ್ಯೂಟರಿನ ಮುಂದೆ ಕೂರುತ್ತಿದ್ದವರನ್ನು ಎಲ್ಲರೂ ಕಾಕಾ ಅನ್ನುತ್ತಿದ್ದರು. ಅರವತ್ತರ ಹತ್ತಿರದ ಮನುಷ್ಯ. ಹದಿನೈದನೇ ವಯಸ್ಸಿಗೆ ಪ್ರೆಸ್ಸಿಗೆ ಸೇರಿ ಮೂವತ್ತು ವರ್ಷ ಮೊಳೆ ಜೋಡಿಸಿದವರು. ಆಫ್‌ಸೆಟ್ ಬಂದು ಕಂಪೋಜಿಂಗ್ ವಿಭಾಗ ಮುಚ್ಚಿದಾಗ ಮಾಲಕರು ಅವರನ್ನು ಮನೆಗೆ ಕಳಿಸದೆ ಮಹಡಿ ಹತ್ತಿಸಿದ್ದರು. ಕೀಬೋರ್ಡನ್ನು ಅವರು ಎರಡು ಬೆರಳಲ್ಲೇ ಒತ್ತುತ್ತಿದ್ದರು. ನಿಧಾನ ನಿಜ, ಆದರೆ ಅವರ ಪುಟದಲ್ಲಿ ತಪ್ಪು ಹುಡುಕಿ ತೆಗೆದವರನ್ನು ನಾನು ನೋಡಲಿಲ್ಲ. ನಾನೋ ಹತ್ತೂ ಬೆರಳಲ್ಲಿ ಬಡಿಯುತ್ತಿದ್ದ ಇಪ್ಪತ್ತೆರಡರ ಹುಡುಗಿ. ಅವರನ್ನು ಕಂಡರೆ ಪ್ರೀತಿ ಇತ್ತು. ಇನ್ನು ಎಷ್ಟು ದಿನ ಇವರಿಗೆ ಇಲ್ಲಿ ಕೆಲಸ ಎಂಬ ಮೇಲರಿಮೆಯೂ ಇತ್ತು.

ಸೇರಿದ ಮೊದಲ ವಾರ ನಾನು ಒಂದು ಪುಟ ಮಾಡುತ್ತಿದ್ದೆ. ಆ ಕಾಲದ ಪುಟವೆಂದರೆ ಟೇಬಲ್. ಟೇಬಲ್ಲಿನೊಳಗೆ ಟೇಬಲ್, ಅದರೊಳಗೆ ಇನ್ನೊಂದು. ಚಿತ್ರ ಎಡಕ್ಕೆ ನಿಲ್ಲಬೇಕು, ಬರಹ ಇಪ್ಪತ್ತು ಪಿಕ್ಸೆಲ್ ದೂರ ಸರಿಯಬೇಕು ಎಂದರೆ ನಡುವೆ ಒಂದು ಪಾರದರ್ಶಕ ಚಿತ್ರ ಇಡುತ್ತಿದ್ದೆವು. ಒಂದು ಪಿಕ್ಸೆಲ್ ಅಗಲ, ಒಂದು ಪಿಕ್ಸೆಲ್ ಎತ್ತರದ, ಬಣ್ಣವೇ ಇಲ್ಲದ ಜಿಫ್. ಅದನ್ನು ಬೇಕಾದಷ್ಟು ಎಳೆದರೆ ಅಷ್ಟು ಜಾಗ ಹಿಡಿದು ನಿಲ್ಲುತ್ತದೆ. ಡೇವಿಡ್ ಸೀಗಲ್ ಎಂಬ ವಿನ್ಯಾಸಕಾರ 1996ರಲ್ಲಿ ಪುಸ್ತಕ ಬರೆದು ಈ ಉಪಾಯವನ್ನು ಎಲ್ಲೆಡೆ ಹಬ್ಬಿಸಿದ್ದ. ಹುಬ್ಬಳ್ಳಿಯ ನಮಗೆ ಅದು ಹೆಸರಿಲ್ಲದೆ, ಕೈಯಿಂದ ಕೈಗೆ ಬಂದಿತ್ತು. ಡ್ರೀಮ್‌ವೀವರಿನ ವಿನ್ಯಾಸ ನೋಟದಲ್ಲಿ ಅದು ಕಾಣುವುದಿಲ್ಲ. ಕ್ಲಿಕ್ ಮಾಡಿದರೆ ಮಾತ್ರ ಸುತ್ತ ಒಂದು ಗೆರೆ ಮೂಡುತ್ತದೆ.

ಕಾಕಾ ಹಿಂದೆ ನಿಂತು ನೋಡುತ್ತಿದ್ದರು. ಏನದು, ಏನೂ ಇಲ್ಲದ್ದನ್ನು ಎಳೆಯುತ್ತಿದ್ದೀ ಎಂದರು. ವಿವರಿಸಿದೆ. ಮಾತಾಡದೆ ಕೆಳಗಿಳಿದು ಹೋದರು. ಐದು ನಿಮಿಷಕ್ಕೆ ಮರಳಿ ಬಂದು ನನ್ನ ಅಂಗೈ ಮೇಲೆ ಒಂದು ಸೀಸದ ತುಂಡು ಇಟ್ಟರು. ಅಚ್ಚುಮೊಳೆಯ ಹಾಗೇ ಇತ್ತು, ಆದರೆ ಎತ್ತರ ಕಡಿಮೆ, ತಲೆಯ ಮೇಲೆ ಅಕ್ಷರವಿಲ್ಲ.

“ಇದು ಕ್ವಾಡು. ಕಾಗದದ ಮ್ಯಾಲೆ ಬರಂಗಿಲ್ಲ. ಆದ್ರ ಇದನ್ನ ತಗದಿ ಅಂದ್ರ ಸಾಲು ನಿಂದ್ರಂಗಿಲ್ಲ.”

ಮೊಳೆ ಜೋಡಿಸುವ ಕೆಲಸದಲ್ಲಿ ಖಾಲಿ ಜಾಗ ಎಂಬುದು ಖಾಲಿಯಲ್ಲ, ಅದೂ ಒಂದು ವಸ್ತು. ಪದಗಳ ನಡುವೆ ಸ್ಪೇಸು, ಪ್ಯಾರಾದ ಕೊನೆಯಲ್ಲಿ ಕ್ವಾಡು, ಸಾಲುಗಳ ನಡುವೆ ಲೆಡ್ಡು. ಇವೆಲ್ಲ ಅಕ್ಷರದ ಮೊಳೆಗಿಂತ ಗಿಡ್ಡ, ಆದ್ದರಿಂದ ಮಸಿಯ ರೋಲರು ಇವನ್ನು ಮುಟ್ಟುವುದಿಲ್ಲ. ಆದರೆ ಅವು ಒತ್ತಿ ಹಿಡಿಯದಿದ್ದರೆ ಕೈಯಲ್ಲಿ ಹಿಡಿದ ಸ್ಟಿಕ್ಕಿನಿಂದ ಗ್ಯಾಲಿ ಎಂಬ ತಟ್ಟೆಗೆ ಇಳಿಸುವಾಗ ಸಾಲು ಕುಸಿದು ನೆಲದ ಮೇಲೆ ಚೆಲ್ಲಾಪಿಲ್ಲಿಯಾಗುತ್ತದೆ. ಚೆಲ್ಲಿದ ಮೊಳೆಗಳನ್ನು ಒಂದೊಂದಾಗಿ ಕೇಸಿನ ಅದರದರ ಮನೆಗೆ ಹಾಕುವ ಶಿಕ್ಷೆ ಎಳೆಯ ಹುಡುಗರಿಗೆ. ಕಾಕಾಗೂ ಆ ಶಿಕ್ಷೆ ಆಗಿತ್ತಂತೆ. ಒತ್ತುಗಳ ಮನೆ ಯಾವುದು, ಕೊಂಬಿನ ಮನೆ ಯಾವುದು, ದೀರ್ಘದ ಮನೆ ಯಾವುದು ಎಂದು ಕತ್ತಲಲ್ಲೂ ಕೈ ಹೋಗುವಷ್ಟು ಅದರಿಂದ ಪಾಠವಾಯಿತು ಎಂದಿದ್ದರು.

ಆ ಪಾಠ ಇಪ್ಪತ್ತೊಂದನೇ ಶತಮಾನದಲ್ಲಿ ನನ್ನ ಕೈ ಹಿಡಿಯಿತು. ಅದನ್ನೇ ಹೇಳಬೇಕು.

ಆಗಿನ ಕನ್ನಡ ಪುಟದ ಒಳಗು ಹೇಗಿರುತ್ತಿತ್ತು ಎಂದು ಈಗಿನವರಿಗೆ ಹೇಳದೆ ಮುಂದಿನದು ಅರ್ಥವಾಗುವುದಿಲ್ಲ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರಲ್ಲೇ ಜಾಗ ಸಿಕ್ಕಿತ್ತು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಎಂಬ ಯೂನಿಕೋಡ್ ಫಾಂಟೂ ಬಂದಿತ್ತು. ಆದರೆ ನಮ್ಮಂಥ ಅಂಗಡಿಗಳಲ್ಲಿ, ನಮ್ಮ ಗಿರಾಕಿಗಳ ಮನೆಗಳಲ್ಲಿ ಇದ್ದದ್ದು ವಿಂಡೋಸ್ 98. ಕನ್ನಡವೆಂದರೆ ‘ಬರಹ’ ಎಂಬ ತಂತ್ರಾಂಶ ಇಲ್ಲವೇ ಕನ್ನಡ ಗಣಕ ಪರಿಷತ್ತಿನ ನುಡಿ. ಈ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಇಡೀ ಕಾಗುಣಿತವನ್ನು 256ಕ್ಕೂ ಕಡಿಮೆ ಮನೆಗಳಲ್ಲಿ ಹಿಡಿಸಬೇಕಾದರೆ ಅಕ್ಷರವನ್ನು ಒಡೆಯದೆ ಗತಿಯಿಲ್ಲ. ಕ ಎಂದರೆ ಒಂದಲ್ಲ, ಎರಡು ಚೂರು: ಇಂಗ್ಲಿಷಿನ ಪಿ ಅಕ್ಷರದ ಮನೆಯಲ್ಲಿ ಕ-ದ ಒಡಲು, ತಲೆ ಮೇಲೆ ಗೀಟು ಹೊತ್ತ ಫ್ರೆಂಚರ ಎ ಮನೆಯಲ್ಲಿ ತಲಕಟ್ಟು. ನ-ದ ಒಡಲು ಇದ್ದದ್ದು ಬ್ರಿಟನ್ನಿನ ಪೌಂಡಿನ ಚಿಹ್ನೆಯ ಮನೆಯಲ್ಲಿ.

ಕಂಪ್ಯೂಟರಿಗೆ ಇದು ಕನ್ನಡವೆಂದು ಗೊತ್ತೇ ಇರಲಿಲ್ಲ. ಬರಹವನ್ನು ತಂದು ಅಂಟಿಸಿದರೆ ಡ್ರೀಮ್‌ವೀವರ್ ತನ್ನ ನಿಯಮದಂತೆ ಆ ಚಿಹ್ನೆಗಳನ್ನು ಎಚ್‌ಟಿಎಂಎಲ್ ಹೆಸರುಗಳಾಗಿ ಬರೆದಿಡುತ್ತಿತ್ತು. ವಿನ್ಯಾಸ ನೋಟದಲ್ಲಿ ‘ನಾವು’ ಎಂದಿರುವುದು ಕೋಡ್ ನೋಟದಲ್ಲಿ ಆಂಪರ್‌ಸ್ಯಾಂಡ್, ಪೌಂಡ್, ಸೆಮಿಕೋಲನ್ ಎಂದು ಶುರುವಾಗುತ್ತಿತ್ತು. ನುಡಿ ಫಾಂಟ್ ಇಲ್ಲದವರಿಗಾಗಿ ಪುಟದ ನೆತ್ತಿಯ ಮೇಲೆ ‘ಫಾಂಟ್ ಇಲ್ಲಿಂದ ಇಳಿಸಿಕೊಳ್ಳಿ’ ಎಂಬ ಕೊಂಡಿ. ಅದನ್ನಾದರೂ ಕನ್ನಡದಲ್ಲಿ ಬರೆಯುವಂತಿರಲಿಲ್ಲ, ಚಿತ್ರ ಮಾಡಿ ಹಾಕುತ್ತಿದ್ದೆವು.

ಶಾಲೆಯ ಸೈಟು ಮುಗಿಯುತ್ತ ಬಂದಿತ್ತು. ಬಿಡುಗಡೆಗೆ ಎರಡು ದಿನ ಇದ್ದಾಗ ಸಮಿತಿಯವರು ಒಂದು ಬದಲಾವಣೆ ಹೇಳಿಕಳಿಸಿದರು. ಲಂಡನ್‌ನಲ್ಲಿ ನೆಲೆಸಿದ್ದ ಹಳೆಯ ವಿದ್ಯಾರ್ಥಿಗಳು ಕೊಟ್ಟ ದೇಣಿಗೆಯನ್ನು ಪೌಂಡಿನಲ್ಲಿ ತೋರಿಸಿದ್ದೆವು. ಅದು ರೂಪಾಯಿಯಲ್ಲೇ ಇರಲಿ, ಊರಿನವರು ಕೊಟ್ಟದ್ದರ ಪಕ್ಕ ಬೇರೆಯಾಗಿ ಕಾಣುವುದು ಬೇಡ ಎಂದರು. ಒಳ್ಳೆಯ ಮಾತೇ. ಅಂಕಿಗಳನ್ನು ಕೈಯಲ್ಲಿ ತಿದ್ದಿದೆ. ಚಿಹ್ನೆ ಮಾತ್ರ ಉಳಿಯಿತು. ಡ್ರೀಮ್‌ವೀವರಿನಲ್ಲಿ ಇಡೀ ಸೈಟಿನ ಎಲ್ಲ ಕಡತಗಳಲ್ಲೂ ಒಂದೇ ಏಟಿಗೆ ಹುಡುಕಿ ಬದಲಿಸುವ ಸೌಲಭ್ಯವಿತ್ತು. ನನಗೆ ಅದರ ಮೇಲೆ ಬಹಳ ಮೋಹ. ಪೌಂಡನ್ನು ಹುಡುಕು, ಇಂಗ್ಲಿಷಿನಲ್ಲಿ ರೂಪಾಯಿಗೆ ಬರೆಯುವ ಆರ್, ಎಸ್, ಚುಕ್ಕಿಯನ್ನು ಅಲ್ಲಿ ಹಾಕು ಎಂದು ತುಂಬಿದೆ. ತೆರೆಯದ ಕಡತಗಳಲ್ಲಿ ಈ ಬದಲಾವಣೆಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಬರುವುದಿಲ್ಲ ಎಂದು ತಂತ್ರಾಂಶ ಸ್ಪಷ್ಟವಾಗಿ ಎಚ್ಚರಿಸಿತು. ಓದದೆ ಹೌದು ಎಂದು ಒತ್ತಿದೆ.

ರಾತ್ರಿ ಎಂಟೂವರೆ ಆಗಿತ್ತು. ನಲವತ್ತಮೂರು ಕಡತಗಳಲ್ಲಿ ಸಾವಿರಾರು ಕಡೆ ಬದಲಾಯಿಸಿದ್ದೇನೆ ಎಂಬ ವರದಿ ಬಂತು. ಲಂಡನ್ನಿನವರು ಇದ್ದದ್ದು ಹದಿನಾರು ಜನ.

ಮುಖಪುಟ ತೆರೆದೆ. ‘ನಮ್ಮ ಶಾಲೆ’ಯ ನ ಇರಲಿಲ್ಲ. ನುಡಿಯಲ್ಲಿ ಇಂಗ್ಲಿಷಿನ ಆರ್ ಮನೆಯಲ್ಲಿರುವುದು ಖ. ಎಸ್ ಮನೆಯಲ್ಲಿರುವುದು ಮಹಾಪ್ರಾಣದ ಸೀಳು. ಸೈಟಿನ ತುಂಬ ನ ಇದ್ದಲ್ಲೆಲ್ಲ ಖ ಬಂದು ಕೂತಿತ್ತು, ಅದರ ಪಕ್ಕಕ್ಕೆ ಒಂದು ಸೀಳು, ಒಂದು ಚುಕ್ಕಿ, ದಿಕ್ಕಿಲ್ಲದ ಒಂದು ತಲಕಟ್ಟು. ನಿ ಮಾತ್ರ ಉಳಿದಿತ್ತು, ಅದಕ್ಕೆ ಬೇರೆ ಮನೆ. ಒತ್ತಿನ ನ-ವೂ ಉಳಿದಿತ್ತು. ಕನ್ನಡದಲ್ಲಿ ನ ಎಷ್ಟು ಕಡೆ ಬರುತ್ತದೆ ಎಂದು ನಾನು ಎಂದೂ ಯೋಚಿಸಿರಲಿಲ್ಲ. ಷಷ್ಠಿ ವಿಭಕ್ತಿಯಲ್ಲಿ, ‘ಅವನು’ ಎಂಬುದರಲ್ಲಿ, ಅರ್ಧ ಊರಿನ ಗಂಡಸರ ಹೆಸರುಗಳ ಕೊನೆಯಲ್ಲಿ.

ಸಿ.ಡಿ.ಯಲ್ಲಿ ತೆಗೆದಿಟ್ಟ ಪ್ರತಿ ಮೂರು ವಾರ ಹಳೆಯದು. ದೇಣಿಗೆದಾರರ ಪಟ್ಟಿಯನ್ನು ತುಂಬಿದ್ದೇ ಆ ಮೂರು ವಾರದಲ್ಲಿ. ಬದಲಿಸಿದ್ದನ್ನು ಹಿಂದೆಮುಂದಾಗಿ ಮತ್ತೆ ಬದಲಿಸೋಣವೆಂದರೆ ಪಟ್ಟಿಯ ತುಂಬ ನಿಜವಾದ ರೂಪಾಯಿಗಳಿದ್ದವು. ಅವೂ ಪೌಂಡಾಗಿಬಿಡುತ್ತವೆ. ನಾನು ಕೀಬೋರ್ಡಿನ ಮೇಲೆ ತಲೆಯಿಟ್ಟು ಅತ್ತೆ.

“ಏನಾತು ತಂಗಿ?”

“ಎಲ್ಲಾ ಹೋತ್ರಿ ಕಾಕಾ.”

ಅವರು ಕನ್ನಡಕ ಏರಿಸಿ ಪರದೆ ನೋಡಿದರು. ಕೋಡ್ ನೋಟ ತೋರಿಸು ಎಂದರು. ಇಂಗ್ಲಿಷ್ ಅವರಿಗೆ ಅಷ್ಟಕ್ಕಷ್ಟೆ. ಆದರೆ ಮುಂದಿನ ಕಾಲು ಗಂಟೆಯಲ್ಲಿ ಅವರು ನೋಡಿದ್ದು ಇಂಗ್ಲಿಷನ್ನಲ್ಲ. ಬೆರಳಿಟ್ಟು ಇದು ಏನು, ಇದರ ಮುಂದಿರುವುದು ಏನು ಎಂದು ಒಂದೊಂದೇ ಚೂರನ್ನು ನನ್ನಿಂದ ಹೇಳಿಸಿದರು. ಎಳೆಯ ವಯಸ್ಸಿನಲ್ಲಿ ನೆಲದ ಮೇಲೆ ಚೆಲ್ಲಿದ್ದ ಮೊಳೆಗಳನ್ನು ಅವರು ಹೀಗೇ ನೋಡಿರಬೇಕು.

“ನ ಅನ್ನೂದು ಒಂಟಿಯಾಗಿ ಎಲ್ಲೂ ನಿಂದ್ರಂಗಿಲ್ಲ. ತಲಕಟ್ಟರ ಇರಬೇಕು, ದೀರ್ಘರ ಇರಬೇಕು, ಏತ್ವರ ಇರಬೇಕು. ರೂಪಾಯಿ ಮುಂದ ಅವು ಬರ್ತಾವೇನು? ಅಲ್ಲಿ ಅಂಕಿ ಬರ್ತೈತಿ.”

ಅಷ್ಟೇ. ಹುಡುಕಬೇಕಾದದ್ದು ಬರಿಯ ರೂಪಾಯಿಯನ್ನಲ್ಲ, ತಲಕಟ್ಟು ಹತ್ತಿದ ರೂಪಾಯಿಯನ್ನು. ಅದನ್ನು ನ-ಕ್ಕೆ ತಿರುಗಿಸು. ಆಮೇಲೆ ದೀರ್ಘ ಹತ್ತಿದ್ದು. ಆಮೇಲೆ ಏತ್ವ, ಔತ್ವ. ಕೊಂಬು ತಲಕಟ್ಟಿನ ಮೇಲೇ ಬರುವುದರಿಂದ ಅದಕ್ಕೆ ಬೇರೆ ಹುಡುಕಾಟ ಬೇಡ. ನಾಲ್ಕು ಸಲ ಹುಡುಕಿ ಬದಲಿಸಿದೆವು. ಈ ಸಲ ಮೊದಲೇ ಇಡೀ ಫೋಲ್ಡರಿನ ನಕಲು ತೆಗೆದಿಟ್ಟುಕೊಂಡು. ಹತ್ತೂವರೆಗೆ ‘ನಮ್ಮ ಶಾಲೆ’ ಮತ್ತೆ ಕಾಣಿಸಿತು. ಮರುದಿನ ಅವರು ಎಲ್ಲ ಪುಟಗಳನ್ನು ಪ್ರಿಂಟ್ ತೆಗೆಸಿ, ಕೆಂಪು ಪೆನ್ನು ಹಿಡಿದು, ಪ್ರೂಫು ನೋಡುವಂತೆ ತುಟಿ ಅಲ್ಲಾಡಿಸುತ್ತ ಹೆಸರು ಹೆಸರನ್ನೇ ಓದಿದರು. ಉಳಿದಿದ್ದವುಗಳ ಸುತ್ತ ಸುನ್ನೆ ಎಳೆದು ಅಂಚಿನಲ್ಲಿ ನ ಬರೆದರು. ನಾನು ತಿದ್ದುತ್ತ ಹೋದೆ. ಸೈಟು ಹೇಳಿದ ದಿನಕ್ಕೆ ಬಿಡುಗಡೆಯಾಯಿತು.

ಮಾಲಕರು ಎರಡು ದಿನ ಏನಾಗಿತ್ತು ಎಂದು ಕೇಳಿದಾಗ ನಾನು ಸಾಫ್ಟ್‌ವೇರಿನ ತೊಂದರೆ ಎಂದೆ. ಕಾಕಾ ಅಲ್ಲೇ ಕೂತಿದ್ದರು, ಏನೂ ಹೇಳಲಿಲ್ಲ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. 2006ರಲ್ಲಿ ಬೆಂಗಳೂರಿನ ಒಂದು ಕಂಪನಿಯ ಸಂದರ್ಶನದಲ್ಲಿ, ನೀವು ಎದುರಿಸಿದ ಕಠಿಣ ಸಮಸ್ಯೆ ಯಾವುದು, ಹೇಗೆ ಬಿಡಿಸಿದಿರಿ ಎಂದು ಕೇಳಿದರು. ನಾನು ಈ ಕಥೆಯನ್ನೇ ಹೇಳಿದೆ. ತಪ್ಪು ಬೇರೆಯವರದು ಎಂದೆ, ಉಪಾಯ ನನ್ನದು ಎಂದೆ. ಅಕ್ಷರದ ಮುಂದಿನ ಚೂರನ್ನು ನೋಡಿ ಗುರುತಿಸುವ ವಿಧಾನವನ್ನು ಬೋರ್ಡಿನ ಮೇಲೆ ಬರೆದು ವಿವರಿಸಿದೆ. ಅವರಿಗೆ ಮೆಚ್ಚುಗೆಯಾಯಿತು. ಕೆಲಸ ಸಿಕ್ಕಿತು, ಆ ಕೆಲಸದಿಂದ ಮುಂದಿನದು. ನನ್ನ ಇಂದಿನ ಮನೆ, ಮಗಳ ಓದು ಎಲ್ಲದರ ಬುಡದಲ್ಲಿ ಆ ರಾತ್ರಿಯ ಕಾಲು ಗಂಟೆ ಇದೆ, ಅದು ನನ್ನದಲ್ಲ. ಬಹಳ ವರ್ಷ ಇದನ್ನು ನಾನು ಸುಳ್ಳೆಂದು ಎಣಿಸಿರಲಿಲ್ಲ. ಆಫೀಸಿನಲ್ಲಿ ಎಲ್ಲರೂ ಮಾಡುವುದೇ ಎಂದುಕೊಂಡಿದ್ದೆ. ಈಗ ನನ್ನ ಕೈಕೆಳಗಿನ ಹುಡುಗರು ಯಾರದೋ ಕೆಲಸವನ್ನು ತಮ್ಮದೆಂದು ಹೇಳಿದಾಗ ನನಗೆ ಬರುವ ಸಿಟ್ಟನ್ನು ನೋಡಿಕೊಂಡ ಮೇಲೆ ಹಾಗೆ ಎಂದುಕೊಳ್ಳಲು ಆಗುವುದಿಲ್ಲ.

ಊರು ಬಿಡುವ ದಿನ ಕಾಕಾ ಆ ಪ್ರಿಂಟೌಟುಗಳನ್ನು ರಟ್ಟಿನ ಫೈಲಿನಲ್ಲಿ ಹಾಕಿ ದಾರ ಕಟ್ಟಿ ಕೊಟ್ಟರು. “ಇನ್ನೂ ಒಂದು ಉಳದೈತಿ ತಂಗಿ. ಹೇಳಿದ್ನಲ್ಲಾ. ಪುರುಸೊತ್ತು ಆದಾಗ ನೋಡು” ಎಂದರು. ಹೌದ್ರಿ ಕಾಕಾ ಎಂದು ಕಾಲು ಮುಟ್ಟಿ ಬಸ್ಸು ಹತ್ತಿದೆ. ಅವರು ತೀರಿಕೊಂಡ ಸುದ್ದಿ ನನಗೆ ತಿಳಿದದ್ದು ಎಂಟು ತಿಂಗಳ ಮೇಲೆ.

ಬೆಂಗಳೂರಿಗೆ ಬಂದ ವರ್ಷವೇ ಫೈರ್‌ಬಗ್ ಬಂತು. ಫೈರ್‌ಫಾಕ್ಸ್ ಬ್ರೌಸರಿನಲ್ಲಿ ಪುಟದ ಯಾವ ಭಾಗದ ಮೇಲೆ ಕೈಯಿಟ್ಟರೂ ಅದರ ಹಿಂದಿನ ಕೋಡು, ಅದರ ಸುತ್ತಲಿನ ಅಂತರ ಎಲ್ಲ ತೆರೆದು ತೋರಿಸುವ ಸಲಕರಣೆ. ಮೊದಲ ಸಲ ಅದನ್ನು ನೋಡಿದಾಗ ಮೈ ಜುಮ್ಮೆಂದಿತ್ತು. ಅಂತರ ಎಂಬುದು ಬಣ್ಣ ಬಳಿದುಕೊಂಡು ಕಣ್ಣಿಗೆ ಕಾಣಿಸಿತು. ಟೇಬಲ್ಲುಗಳು, ಪಾರದರ್ಶಕ ಜಿಫ್‌ಗಳು ಮೆಲ್ಲನೆ ಮರೆಯಾದವು. 2017ರಲ್ಲಿ ದೊಡ್ಡ ಬ್ರೌಸರುಗಳೆಲ್ಲ ಪುಟವನ್ನು ಚೌಕಗಳಾಗಿ ಹಂಚುವ ಸಿಎಸ್ಎಸ್ ಗ್ರಿಡ್ಡನ್ನು ಒಪ್ಪಿಕೊಂಡ ಮೇಲೆ, ಎಷ್ಟು ಅಂತರ ಬೇಕು ಎಂದು ಒಂದು ಸಾಲು ಬರೆದರೆ ಸಾಕಾಯಿತು. ಕ್ವಾಡು ತುರುಕುವ ಕೆಲಸ ಮುಗಿಯಿತು.

ಎಡಿಟರುಗಳ ವಿಷಯಕ್ಕೆ ಬಂದರೆ, 2015ರಲ್ಲಿ ವಿಎಸ್ ಕೋಡ್ ಹೊರಬಂದಾಗ ನಾನು ಅದನ್ನು ನಂಬಿರಲಿಲ್ಲ. ಈಗ ಅದಿಲ್ಲದೆ ಕೈ ಓಡುವುದಿಲ್ಲ. ಹತ್ತು ಕಡೆ ಏಕಕಾಲಕ್ಕೆ ಕರ್ಸರ್ ಇಟ್ಟು ತಿದ್ದಬಹುದು. ಕೆಲವೇ ಅಕ್ಷರ ಬರೆದು ಟ್ಯಾಬ್ ಒತ್ತಿದರೆ ಇಡೀ ಟೇಬಲ್ಲಿನ ಚೌಕಟ್ಟು ಬಿಚ್ಚಿಕೊಳ್ಳುತ್ತದೆ. ಜೋಡಿ ಆವರಣಗಳಿಗೆ ಒಂದೊಂದು ಬಣ್ಣ. ಇವೆಲ್ಲ ಅನುಕೂಲ, ಇಲ್ಲದಿದ್ದರೂ ನಡೆಯುತ್ತದೆ. ನನಗೆ ನಿಜಕ್ಕೂ ಮುಖ್ಯವೆನಿಸಿದ್ದು 2022ರಲ್ಲಿ ಬಂದ ಸ್ಥಳೀಯ ಇತಿಹಾಸ. ಪ್ರತಿ ಸಲ ಸೇವ್ ಮಾಡಿದಾಗಲೂ ಕಡತದ ಹಿಂದಿನ ರೂಪವನ್ನು ಎಡಿಟರು ತಾನಾಗಿ ಎತ್ತಿಡುತ್ತದೆ. ಕಡತಗಳ ಹಳೆಯ ರೂಪಗಳನ್ನೆಲ್ಲ ಕಾಪಿಡುವ ಗಿಟ್ ಅನ್ನು ಲೈನಸ್ ಟೋರ್ವಾಲ್ಡ್ಸ್ ಬರೆದದ್ದು 2005ರ ಏಪ್ರಿಲಿನಲ್ಲಿ. ನಮ್ಮ ಆ ರಾತ್ರಿಯ ಮರುವರ್ಷ. ಇವತ್ತು ಕೆಲಸಕ್ಕೆ ಸೇರಿದ ಹುಡುಗಿ ಆರು ಸಾವಿರ ನ-ಗಳನ್ನು ಅಳಿಸಿಹಾಕಿದರೂ ಅರ್ಧ ನಿಮಿಷದಲ್ಲಿ ಮರಳಿ ತರುತ್ತಾಳೆ. ಕೀಬೋರ್ಡಿನ ಮೇಲೆ ತಲೆಯಿಟ್ಟು ಅಳಬೇಕಾಗಿಲ್ಲ. ಅದು ಸಂತೋಷದ ವಿಷಯ, ಅದರಲ್ಲಿ ನನಗೆ ಎರಡು ಮಾತಿಲ್ಲ. ಕಷ್ಟಪಟ್ಟು ಕಲಿತದ್ದೇ ಕಲಿಕೆ ಎನ್ನುವವರ ಜೊತೆ ನಾನು ಸೇರುವುದಿಲ್ಲ. ಆ ಭಯ ಯಾರಿಗೂ ಬೇಡ.

ಆದರೆ ಕಳೆದ ತಿಂಗಳು ಇನ್ನೊಂದು ನಡೆಯಿತು. ನುಡಿಯ ಬರಹವನ್ನು ಯೂನಿಕೋಡಿಗೆ ತಿರುಗಿಸಿ, ದೇಣಿಗೆದಾರರ ಪಟ್ಟಿಯನ್ನು ಹೊಸ ಟೇಬಲ್ಲಿಗೆ ಸಾಲು ಸಾಲಾಗಿ ತರುತ್ತಿದ್ದೆ. 2021ರಲ್ಲಿ ಗಿಟ್‌ಹಬ್ ಕೋಪೈಲಟ್ ಬಂದಾಗಿನಿಂದ, ಮುಂದೆ ಏನು ಬರೆಯುತ್ತೀರಿ ಎಂದು ಊಹಿಸಿ ಬೂದು ಅಕ್ಷರಗಳಲ್ಲಿ ತೋರಿಸುವ ಸಹಾಯಕಗಳು ಒಂದಾದ ಮೇಲೊಂದು ಬಂದಿವೆ. ಅಂಥದೊಂದು ನನ್ನ ಎಡಿಟರಿನಲ್ಲೂ ಇದೆ. ಕೋಡಿಗೆ ಅದು ಒಳ್ಳೆಯ ಸಂಗಾತಿ, ದಿನವೂ ಬಳಸುತ್ತೇನೆ. ಆ ದಿನ ಏಳೆಂಟು ಹೆಸರು ಬರೆದು ಮುಂದಿನ ಸಾಲಿಗೆ ಬಂದಾಗ ಅದು ತಾನೇ ಒಂದು ಸಾಲು ಪೂರ್ತಿ ಮಾಡಿ ತೋರಿಸಿತು. ಹೆಸರು, ಅಡ್ಡಹೆಸರು, ಊರು, 501 ರೂಪಾಯಿ. ಧಾರವಾಡದ ಕಡೆಯ ಹೆಸರೇ. ಹತ್ತಿರದ ಊರೇ. ಕನ್ನಡದಲ್ಲಿ ಒಂದು ತಪ್ಪಿಲ್ಲ. ಬೆರಳು ಟ್ಯಾಬಿನ ಮೇಲೆ ಹೋಗಿತ್ತು.

ಆ ಮನುಷ್ಯ ಪಟ್ಟಿಯಲ್ಲಿ ಇರಲಿಲ್ಲ. ಅಂಥ ಹೆಸರಿನವರು ಯಾರೂ ಆ ಶಾಲೆಗೆ ಏನೂ ಕೊಟ್ಟಿರಲಿಲ್ಲ.

2004ರ ತಪ್ಪು ಮೊದಲ ನೋಟಕ್ಕೇ ಕಣ್ಣಿಗೆ ಚುಚ್ಚಿತ್ತು. ಖ ಎದ್ದು ಕೂಗುತ್ತಿತ್ತು. ಇದು ಹಾಗಲ್ಲ. ಟ್ಯಾಬ್ ಒತ್ತಿದ್ದರೆ ಬೂದು ಬಣ್ಣ ಕಪ್ಪಾಗಿ, ಕೊಟ್ಟವರ ನಡುವೆ ಕೊಡದವನೊಬ್ಬ ಮರ್ಯಾದಸ್ಥನಂತೆ ನಿಂತುಬಿಡುತ್ತಿದ್ದ. ಯಾವ ಹಳದಿ ಚೌಕವೂ ಅವನ ಸುತ್ತ ಮೂಡುತ್ತಿರಲಿಲ್ಲ. ‘ಲಂಡನ್‌ನಲ್ಲಿ’ ಎಂಬ ಪದದೊಳಗೆ ಸುಮ್ಮನೆ ತನ್ನ ಕೆಲಸ ಮಾಡಿಕೊಂಡಿದ್ದ ಚಿಹ್ನೆಯನ್ನು ಅನುಮಾನಿಸುವ ಎಡಿಟರು, ಇಲ್ಲದ ಮನುಷ್ಯನನ್ನು ಕರೆತಂದು ಎದುರಿಗೆ ನಿಲ್ಲಿಸುತ್ತದೆ. ಎರಡೂ ಹೊಸ ಸೌಲಭ್ಯಗಳೇ, ಎರಡೂ ಒಂದೇ ಪರದೆಯ ಮೇಲಿನವು.

ಕಾಕಾ ಪ್ರತಿಯಲ್ಲಿ ಇಲ್ಲದ್ದನ್ನು ಹಾಕುತ್ತಿರಲಿಲ್ಲ. ಬರೆದುಕೊಟ್ಟವರ ಅಕ್ಷರ ಅರ್ಥವಾಗದಿದ್ದರೆ ಊಹಿಸುತ್ತಿರಲಿಲ್ಲ, ಸೈಕಲ್ ಹತ್ತಿ ಅವರ ಮನೆಗೆ ಹೋಗಿ ಕೇಳಿಕೊಂಡು ಬರುತ್ತಿದ್ದರು. ಒಂದು ಲಗ್ನಪತ್ರಿಕೆಗಾಗಿ ನವಲಗುಂದದವರೆಗೂ ಬಸ್ಸಿನಲ್ಲಿ ಹೋಗಿಬಂದದ್ದುಂಟು. ಒಂದು ಹೆಸರಿಗೆ ಅಷ್ಟು ದೂರವೇ ಎಂದು ನಾನು ಆಗ ಗೊಣಗಿದ್ದೆ.

ಆ ಕಡತಕ್ಕೆ ಸಹಾಯಕವನ್ನು ಬಂದ್ ಮಾಡಿದೆ. ಅಟ್ಟ ಹತ್ತಿ ಫೈಲಿಳಿಸಿ, ದಾರ ಬಿಚ್ಚಿ, ಪ್ರಿಂಟೌಟುಗಳನ್ನು ಮೇಜಿನ ಮೇಲೆ ಹರಡಿದೆ. ಕಾಗದ ಹಳದಿಯಾಗಿದೆ, ಕೆಂಪು ಶಾಯಿ ಮಾಸಿಲ್ಲ. ಸುನ್ನೆಗಳೆಲ್ಲ ಒಂದೇ ಗಾತ್ರದವು. ನಾನು ತಿದ್ದಿದ ಪ್ರತಿ ಸುನ್ನೆಯ ಮೇಲೆ ಅಡ್ಡಗೆರೆ ಎಳೆಯುತ್ತಿದ್ದೆ. ಅದು ಅವರೇ ಹೇಳಿಕೊಟ್ಟ ಪದ್ಧತಿ. ಬಾಯಿ ಬಿಟ್ಟು ಗಟ್ಟಿಯಾಗಿ ಓದುತ್ತ, ಕಾಗದಕ್ಕೂ ಪರದೆಗೂ ತಾಳೆ ನೋಡುತ್ತ ಹೋದೆ. ಮಗಳು ಬಂದು ಬಾಗಿಲಲ್ಲಿ ನಿಂತು ಕೇಳಿಸಿಕೊಂಡು ಹೋದಳು.

ಹದಿನೇಳನೆಯ ಹಾಳೆಯ ಕೆಳಗಡೆ ಒಂದು ಸುನ್ನೆಗೆ ಅಡ್ಡಗೆರೆ ಇರಲಿಲ್ಲ. ಅಂಚಿನಲ್ಲಿ ಅವರು ಬರೆದದ್ದು ನ ಅಲ್ಲ, ನ್. ಹೆಸರಿನ ಕೊನೆಯ ಅರ್ಧಾಕ್ಷರ. ತಲಕಟ್ಟು, ದೀರ್ಘ, ಏತ್ವ, ಔತ್ವ ಎಂದು ನಾಲ್ಕು ಸಲ ಹುಡುಕಿದ ನಾವು ಐದನೆಯದನ್ನು, ಅರ್ಧಾಕ್ಷರದ ಕೊಕ್ಕೆಯನ್ನು, ಆ ರಾತ್ರಿ ಮರೆತಿದ್ದೆವು. ಉಳಿದ ಅರ್ಧ ನ-ಗಳೆಲ್ಲ ಅವರ ಕೆಂಪು ಪೆನ್ನಿಗೆ ಸಿಕ್ಕಿ ತಿದ್ದುಪಡಿಯಾಗಿದ್ದವು. ಇದೊಂದನ್ನು ನಾನು ದಾಟಿಹೋಗಿದ್ದೆ. ಹನ್ನೊಂದು ರೂಪಾಯಿ ಕೊಟ್ಟ ಒಬ್ಬರ ಹೆಸರು. ಇಪ್ಪತ್ತು ವರ್ಷದಿಂದ ಅದರ ಕೊನೆಯಲ್ಲಿ ಒಂದು ಖ, ಒಂದು ಸೀಳು, ಒಂದು ಚುಕ್ಕಿ, ಒಂದು ಕೊಕ್ಕೆ ಇದ್ದವು. ಪರಿವರ್ತಿಸಿದ ಹೊಸ ಪ್ರತಿಯಲ್ಲೂ ಆ ಖ ಹಾಗೇ ಬಂದು ಕೂತಿತ್ತು.

ಅಳಿಸಿ ನ್ ಹಾಕಿದೆ. ಸೇವ್ ಮಾಡಿದೆ. ಕೆಂಪು ಪೆನ್ನು ಹುಡುಕಿ ಸುನ್ನೆಯ ಮೇಲೆ ಅಡ್ಡಗೆರೆ ಎಳೆದೆ.